ಕೊಲ್ಲಿ ಕುದುರೆ

ಕಳೆದ ತಿಂಗಳು, ನ್ಯಾಯಾಲಯದ ಭಾಷಾಂತರಕಾರರ ಹುದ್ದೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಹೊಸಪೇಟೆಯ ನಮ್ಮ ಮನೆಗೆ ಬಂದಿದ್ದರು. ಕೆಲಸ ಹೇಗಿರುತ್ತದೆ ಎಂದು ಕೇಳಲು ಯಾರೋ ನನ್ನ ಹೆಸರು ಹೇಳಿ ಕಳಿಸಿದ್ದರಂತೆ. ಕಾನೂನಿನ ಪದಗಳೇ ಎಲ್ಲಕ್ಕಿಂತ ಕಷ್ಟವಲ್ಲವೇ ಎಂದು ಒಬ್ಬಳು ಕೇಳಿದಳು. ಕಾನೂನಿನ ಪದಗಳಿಗೆ ಕೋಶವಿದೆ, ತೆರೆದು ನೋಡಿ ಬರೆದರಾಯಿತು, ನಿಮ್ಮ ಪ್ರಾಣ ಹಿಂಡುವುದು ಬಣ್ಣಗಳು ಎಂದೆ. ಇಬ್ಬರೂ ನಕ್ಕರು. ನಗುವವರಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಈಗ ಬರೆಯಲು ಕುಳಿತಿದ್ದೇನೆ.

ಕೋರ್ಟಿನ ಭಾಷಾಂತರಕಾರರು ಎಂದರೆ ಕಪ್ಪು ಕೋಟಿನವರ ಪಕ್ಕ ನಿಂತು ಸಾಕ್ಷಿಯ ಮಾತನ್ನು ಪಟಪಟನೆ ಇಂಗ್ಲಿಷಿಗೆ ತಿರುಗಿಸುವವರು ಎಂದು ನನ್ನ ಗಂಡನ ಮನೆಯವರು ಇವತ್ತಿಗೂ ತಿಳಿದಿದ್ದಾರೆ. ಅಂಥದ್ದೇನೂ ಇಲ್ಲ. ರೆಕಾರ್ಡ್ ರೂಮಿನ ಪಕ್ಕದ ಕೋಣೆ, ಒಂದು ಮೇಜು, ಫ್ಯಾನು. ಕನ್ನಡದ ದೂರು, ಹೇಳಿಕೆ, ಪಂಚನಾಮೆಗಳನ್ನು ಮೇಲಿನ ಕೋರ್ಟಿಗಾಗಿ ಇಂಗ್ಲಿಷಿಗೆ ತರಬೇಕು. ಇಂಗ್ಲಿಷಿನ ದಾಖಲೆಗಳನ್ನು ಇಲ್ಲಿನವರಿಗಾಗಿ ಕನ್ನಡಕ್ಕೆ ತರಬೇಕು. ಯಾರದೋ ಜಗಳ, ಯಾರದೋ ಹೊಲ, ಯಾರದೋ ಸಾವು ದಿನವಿಡೀ ನಿಮ್ಮ ಕೈಯಲ್ಲಿ ಹಾದುಹೋಗುತ್ತದೆ. ಆ ಜನರನ್ನು ನೀವು ನೋಡುವುದಿಲ್ಲ. ಅವರೂ ನಿಮ್ಮನ್ನು ನೋಡುವುದಿಲ್ಲ.

ನಾನು ಸೇರಿದ ಹೊಸದರಲ್ಲಿ ನನಗೆ ಕೊಟ್ಟ ಮೊದಲ ಕೆಲಸ, ನನಗಿಂತ ಮುಂಚೆ ಇದ್ದವರು ಮಾಡಿದ ಅನುವಾದವೊಂದನ್ನು ತಿದ್ದುವುದು. ಕಂಪ್ಲಿಯ ಒಂದು ಮನೆಗಳ್ಳತನದ ಪ್ರಕರಣ. ಕಳುವಾದ ಸೀರೆ 'ಆನಂದ ಬಣ್ಣದ್ದು' ಎಂದು ಮನೆಯಾಕೆ ಬರೆಸಿದ್ದಳು. ನಮ್ಮ ಕಡೆ ಹೆಂಗಸರಿಗೆ ಅದೊಂದು ಬಗೆಯ ನೀಲಿ, ಅಂಗಡಿಯಲ್ಲಿ ಕೇಳಿದರೆ ತೆಗೆದು ತೋರಿಸುತ್ತಾರೆ. ಹಿಂದಿನವರು ಅದನ್ನು 'ಬಹಳ ಸಂತೋಷದ ಬಣ್ಣ' ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಸಂತೋಷದ ಬಣ್ಣ ಯಾವುದು ಎಂದು ಮೇಲಿನವರು ಪ್ರಶ್ನೆ ಹಾಕಿ ಕಡತವನ್ನೇ ವಾಪಸು ಕಳಿಸಿದ್ದರು. ನಾನು ನೀಲಿ ಎಂದು ತಿದ್ದಿದೆ. ನಮ್ಮ ಶಿರಸ್ತೇದಾರರು, ಅಂದರೆ ಕಚೇರಿಯ ಸಿಬ್ಬಂದಿಗೆಲ್ಲ ಮುಖ್ಯಸ್ಥರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮೂಲದಲ್ಲಿ ನೀಲಿ ಎಂಬ ಶಬ್ದ ಎಲ್ಲಿದೆ ತೋರಿಸಿ ಎಂದರು. ಇಲ್ಲ ಎಂದೆ. ಹಾಗಾದರೆ ನೀಲಿ ಎಂದು ಬರೆಯಲು ನೀವು ಯಾರು ಎಂದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಲೇ ನನ್ನ ಉದ್ಯೋಗ ಮುಗಿಯಿತು.

ಸಂಡೂರಿನ ಕಡತಗಳ ಕಥೆ ಬೇರೆ. ಅದಿರಿನ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳಲ್ಲಿ ಆ ಕಡೆಯ ಅಪಘಾತ ಪ್ರಕರಣ ಕೈಗೆ ಬಂದರೆ ನನಗೆ ತಲೆನೋವು ಮೊದಲೇ ಶುರುವಾಗುತ್ತಿತ್ತು. ಒಬ್ಬ ಸಾಕ್ಷಿ ಬಿಳಿ ಕಾರು ಎನ್ನುತ್ತಾನೆ, ಇನ್ನೊಬ್ಬ ಕೆಂಪು ಕಾರು ಎನ್ನುತ್ತಾನೆ, ಮೂರನೆಯವನು ಮಣ್ಣಿನ ಬಣ್ಣದ್ದು ಎನ್ನುತ್ತಾನೆ. ಮೂವರೂ ಸತ್ಯವನ್ನೇ ಹೇಳುತ್ತಿದ್ದರು. ಅದಿರಿನ ಕೆಂಪು ಧೂಳಿನ ಆ ರಸ್ತೆಯಲ್ಲಿ ಬಿಳಿ ಕಾರು ಬಿಳಿಯಾಗಿ ಉಳಿಯುವುದು ತೊಳೆದ ದಿನ ಮಾತ್ರ. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಅದನ್ನು ತಿಳಿಸುವುದು ಹೇಗೆ? ಅನುವಾದಕರು ತಮ್ಮ ಕಡೆಯಿಂದ ಒಂದು ಸಾಲು ಸೇರಿಸುವ ಹಾಗಿಲ್ಲ. ಸಾಕ್ಷಿಗಳು ಸುಳ್ಳುಗಾರರೆಂದು ತೀರ್ಮಾನವಾದ ಕಡತಗಳನ್ನು ನಾನೇ ಕಣ್ಣಾರೆ ಓದಿದ್ದೇನೆ.

ಇವೆಲ್ಲ ಸಣ್ಣವು. ನಿವೃತ್ತಿಗೆ ಹತ್ತಿರವಾದಾಗ ಹುಲಿಗೆಮ್ಮನ ಕುದುರೆ ಬಂತು.

ಹುಲಿಗೆಮ್ಮ ಪಾಪಿನಾಯಕನಹಳ್ಳಿಯವಳು. ಗಂಡ ಹೊಸಪೇಟೆಯಲ್ಲಿ ಜಟಕಾ ಹೊಡೆಯುತ್ತಿದ್ದ. ಆಟೋಗಳು ಹೆಚ್ಚಾಗಿ ಜಟಕಾ ಹತ್ತುವವರೇ ಇಲ್ಲವಾದರು, ಅವನೂ ತೀರಿಕೊಂಡ. ಗಾಡಿಯನ್ನು ಮಾರಿದಳು, ಹೆಣ್ಣು ಕುದುರೆಯನ್ನು ಮಾತ್ರ ಇಟ್ಟುಕೊಂಡಳು. ಮದುವೆ ಮೆರವಣಿಗೆಗೆ ಅದನ್ನು ಸಿಂಗರಿಸಿ ಕರೆದುಕೊಂಡು ಹೋಗುವುದೇ ಅವಳ ಜೀವನವಾಯಿತು. ಕಾಲುವೆ ಬದಿಯಲ್ಲಿ ಮೇಯಲು ಬಿಟ್ಟಿದ್ದ ಕುದುರೆ ಒಂದು ದಿನ ಕಾಣೆಯಾಯಿತು. ಆಕೆ ಠಾಣೆಗೆ ಹೋಗಿ ಕುಮ್ಮೈತು ಕುದುರೆ ಕಳುವಾಗಿದೆ ಎಂದು ದೂರು ಕೊಟ್ಟಳು. ಮೈ ಕೆಂಗಂದು, ಕತ್ತಿನ ಕೂದಲು, ಬಾಲ, ಮೊಣಕಾಲಿನ ಕೆಳಗೆ ಕಪ್ಪು: ಕುದುರೆ ಸಾಕುವವರು ಅಂಥದ್ದನ್ನು ಕುಮ್ಮೈತು ಎನ್ನುತ್ತಾರೆ. ಬರೆದುಕೊಳ್ಳುತ್ತಿದ್ದ ಪೇದೆಗೆ ಆ ಶಬ್ದ ಗೊತ್ತಿರಲಿಲ್ಲ. ಏನಮ್ಮ ಅದು, ಕೆಂಪಗೆ ಇರುತ್ತದೆಯೇ ಎಂದು ಕೇಳಿ, ಕೆಂಪು ಕುದುರೆ ಎಂದು ಬರೆದ.

ಎಷ್ಟೋ ತಿಂಗಳ ಮೇಲೆ ಕಂಪ್ಲಿಯಲ್ಲಿ ಸಂಬಂಧಿಕರ ಮದುವೆಗೆ ಹೋದಾಗ ಹುಲಿಗೆಮ್ಮ ಮೆರವಣಿಗೆಯಲ್ಲಿ ತನ್ನ ಕುದುರೆಯನ್ನು ನೋಡಿದಳು. ಮೇಲೆ ಮದುಮಗ ಕೂತಿದ್ದ. ಆಕೆ ಹಗ್ಗ ಹಿಡಿದು ನಿಂತುಬಿಟ್ಟಳು. ಬ್ಯಾಂಡಿನವರು ನಿಲ್ಲಿಸಿದರು, ಮದುಮಗ ಇಳಿದು ನಡೆದುಕೊಂಡು ಮಂಟಪಕ್ಕೆ ಹೋದ. ಕುದುರೆ ಇಟ್ಟುಕೊಂಡಿದ್ದವನು ಬಸವರಾಜ, ಅಲ್ಲಿನ ಅಕ್ಕಿ ಗಿರಣಿಯವರ ಅಳಿಯ. ತಾನು ದಲ್ಲಾಳಿಯಿಂದ ಕೊಂಡದ್ದು, ಕಳವಿನ ಮಾಲು ಎಂದು ಗೊತ್ತಿರಲಿಲ್ಲ ಎಂದ. ಅದು ನಿಜವೂ ಇರಬಹುದು. ಪೊಲೀಸರು ಕುದುರೆಯನ್ನು ವಶಕ್ಕೆ ತೆಗೆದುಕೊಂಡು ಸಂಡೂರು ರಸ್ತೆಯ ಒಂದು ದನದ ದೊಡ್ಡಿಯಲ್ಲಿ ಕಟ್ಟಿದರು. ಇಬ್ಬರೂ ಕೋರ್ಟಿಗೆ ಬಂದರು: ಪ್ರಕರಣ ಮುಗಿಯುವವರೆಗೆ ಕುದುರೆ ನಮ್ಮ ಕೈಗೆ ಕೊಡಿ ಎಂದು.

ಪಶುವೈದ್ಯರು ಪರೀಕ್ಷೆ ಮಾಡಿ ಇಂಗ್ಲಿಷಿನಲ್ಲಿ ಪ್ರಮಾಣಪತ್ರ ಕೊಟ್ಟಿದ್ದರು. ಬಣ್ಣದ ಜಾಗದಲ್ಲಿ 'ಬೇ' ಎಂದು ಸರಿಯಾಗಿಯೇ ಬರೆದಿದ್ದರು. ಕುಮ್ಮೈತು ಕುದುರೆಗೆ ಇಂಗ್ಲಿಷಿನ ಹೆಸರು ಅದೇ. ಆದರೆ ಆ ಹೊತ್ತಿಗೆ ಕಾಲ ಬದಲಾಗಿತ್ತು. ಇಂಗ್ಲಿಷ್ ಕಾಗದ ಬಂದರೆ ನಮ್ಮ ಕೋಣೆಗೆ ಕಳಿಸಿ ಕಾಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಠಾಣೆಯಲ್ಲಿ ಯಾರೋ ಪ್ರಮಾಣಪತ್ರಕ್ಕೆ ಮೊಬೈಲು ಹಿಡಿದರು, ಮೊಬೈಲು ಕ್ಷಣದಲ್ಲಿ ಕನ್ನಡ ಮಾಡಿಕೊಟ್ಟಿತು. ಸಮುದ್ರ ನೆಲದೊಳಗೆ ನುಗ್ಗಿದ ಜಾಗಕ್ಕೂ ಇಂಗ್ಲಿಷಿನಲ್ಲಿ 'ಬೇ' ಎನ್ನುತ್ತಾರಲ್ಲ, ಹಾಗಾಗಿ 'ಕೊಲ್ಲಿ ಹೆಣ್ಣು ಕುದುರೆ' ಎಂದು ಬಂತು. ಅದನ್ನೇ ಮುದ್ರಿಸಿ, ಮೊಹರು ಹಾಕಿ, ಕಡತಕ್ಕೆ ಸೇರಿಸಿದರು.

ಬಸವರಾಜನ ವಕೀಲರು ಅದನ್ನು ಬಿಡುತ್ತಾರೆಯೇ? ಈಕೆ ಕಳಕೊಂಡದ್ದು ಕೆಂಪು ನಾಟಿ ಕುದುರೆ, ನಮ್ಮದು ಕೊಲ್ಲಿ ದೇಶದಿಂದ ಬಂದ ತಳಿ, ಸರ್ಕಾರದ ದಾಖಲೆಯೇ ಹಾಗೆ ಹೇಳುತ್ತದೆ ಎಂದು ವಾದ ಹೂಡಿದರು. ಅವರ ಮಾರಾಟದ ರಸೀದಿಯಲ್ಲಿ 'ಕಂದು' ಎಂದಿತ್ತು. ಹೀಗೆ ಒಂದೇ ಕುದುರೆ ಒಂದೇ ಕಡತದಲ್ಲಿ ಕೆಂಪು, ಕಂದು, ಕೊಲ್ಲಿ ಎಂದು ಮೂರಾಯಿತು.

ಕಡತ ನನ್ನ ಮೇಜಿಗೆ ಬಂದ ದಿನ ನಾನು ಆಗಿನ ಶಿರಸ್ತೇದಾರರ ಬಳಿಗೆ ಹೋಗಿ, ಇದು ಮೊಬೈಲಿನ ತಪ್ಪು, ತಿದ್ದಬೇಕು ಎಂದೆ. ಮೊಹರು ಬಿದ್ದ ದಾಖಲೆಯನ್ನು ತಿದ್ದುವ ಅಧಿಕಾರ ನಿಮಗಿಲ್ಲ ಎಂದರು. ತಪ್ಪು ಎಂದು ಟಿಪ್ಪಣಿ ಬರೆಯಲೇ ಎಂದೆ. ಕೇಳಿದರೆ ಮಾತ್ರ ಬರೆಯಿರಿ ಎಂದರು. ಯಾರು ಕೇಳಬೇಕು ಎಂದೆ. ಅವರು ಫ್ಯಾನಿನ ಕಡೆ ನೋಡಿದರು.

ಅಷ್ಟರಲ್ಲಿ ಹುಲಿಗೆಮ್ಮ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಳು. ಯಾರೋ ಆಕೆಗೆ, ಎಲ್ಲ ಕೆಟ್ಟದ್ದು ಭಾಷೆ ಬದಲಿಸುವ ಕೋಣೆಯಲ್ಲಿ ಎಂದು ಹೇಳಿದ್ದರು. ನನ್ನ ಜತೆ ಜಗಳಕ್ಕೇ ಬಂದಿದ್ದಳು.

"ನನ್ನ ಕುದ್ರಿ ಕಾಲುವಿ ನೀರು ಕುಡುದು ಬೆಳದದ್ದು ರೀ. ಅದಕ್ಕ ಸಮುದ್ರ ಯಾಕ ಹಚ್ಚೀರಿ?"

ನಾನು ಹಚ್ಚಿದ್ದಲ್ಲ ಎಂದು ಹೇಳಿದೆ. ಆಕೆ ನಂಬಲಿಲ್ಲ. ಕುಂದ್ರಮ್ಮ ಎಂದು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕುದುರೆ ಗಬ್ಬವಾಗಿದೆ, ದೊಡ್ಡಿಯಲ್ಲಿ ದನಗಳ ಜತೆ ಒಣಹುಲ್ಲು ಹಾಕುತ್ತಿದ್ದಾರೆ, ಹುರುಳಿ ಇಲ್ಲ, ಹಗಲೆಲ್ಲ ಧೂಳು ಎಂದು ನಿಂತೇ ಹೇಳಿದಳು. ಕೊನೆಗೆ ಧ್ವನಿ ಇಳಿಯಿತು. "ನೀವು ಬರಿಯೋ ತನಕ ಅದು ತಡಿಯೂದಿಲ್ರೀ ಯಕ್ಕಾ," ಎಂದಳು. ಇಷ್ಟು ವರ್ಷಗಳಲ್ಲಿ ಕಡತದ ಒಳಗಿನ ಮನುಷ್ಯರೊಬ್ಬರು ನನ್ನೆದುರು ಬಂದು ನಿಂತದ್ದು ಅದೇ ಮೊದಲು.

ನಮ್ಮ ಪುಣ್ಯಕ್ಕೋ ಪಾಪಕ್ಕೋ ಆಗ ಇದ್ದ ನ್ಯಾಯಾಧೀಶರಿಗೆ ಶಬ್ದಗಳ ಹುಚ್ಚು. ಕರಾವಳಿ ಕಡೆಯವರು, ಪುಸ್ತಕದ ಕನ್ನಡ ಮಾತಾಡುವವರು. ಮೂರು ಬಣ್ಣಗಳನ್ನು ನೋಡಿ, ಅನುವಾದಕರನ್ನು ಕರೆಯಿರಿ ಎಂದರು. ಅಂತೂ ಒಬ್ಬರು ಕೇಳಿದರು ಎಂದು ನಾನು ಓಡಿದೆ. ಬೇ ಎಂದರೆ ಕುಮ್ಮೈತು, ಕೊಲ್ಲಿಯಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು. ಅವರಿಗೆ ಅಲ್ಲಿಂದ ಶುರುವಾಯಿತು.

ಮರುದಿನ ದೊಡ್ಡ ನಿಘಂಟು ತರಿಸಿಕೊಂಡು, ತುಂಬಿದ ಕೋರ್ಟಿನಲ್ಲಿ, ಆ ಶಬ್ದದ ವಂಶಾವಳಿ ಹೇಳತೊಡಗಿದರು. ಕುದುರೆಯ 'ಬೇ' ಬೇರೆ, ಸಮುದ್ರದ 'ಬೇ' ಬೇರೆ. ಎರಡಕ್ಕೂ ರಕ್ತಸಂಬಂಧವಿಲ್ಲ, ಅಕ್ಷರ ಒಂದೇ ಅಷ್ಟೆ. ಕುದುರೆಯದು ಲ್ಯಾಟಿನ್ನಿನ 'ಬಾಡಿಯಸ್' ಎಂಬ ಶಬ್ದದಿಂದ ಬಂದದ್ದು. ಲ್ಯಾಟಿನ್ನಿನಲ್ಲೇ ಅದು ಅಪರೂಪ, ಹಳೆಯ ಬರಹಗಳಲ್ಲಿ ಎಲ್ಲೋ ಒಂದೆಡೆ, ಅದೂ ಕುದುರೆಯ ಮೈಬಣ್ಣ ಹೇಳುವಾಗ ಸಿಗುತ್ತದೆ. ಐರ್ಲೆಂಡಿನ ಹಳೆಯ ಭಾಷೆಯಲ್ಲಿ ಹಳದಿಗೆ ಇರುವ ಒಂದು ಶಬ್ದ ಅದರ ದಾಯಾದಿ ಇರಬಹುದಂತೆ. ಅದಕ್ಕಿಂತ ಹಿಂದಿನದು ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದರೆ ಮಕ್ಕಳು ಮೊಮ್ಮಕ್ಕಳು ಬಹಳ. ಫ್ರೆಂಚರಲ್ಲಿ 'ಬೇ', ಇಟಲಿಯವರಲ್ಲಿ, ಸ್ಪೇನಿನವರಲ್ಲಿ, ಪೋರ್ಚುಗೀಸರಲ್ಲಿ 'ಬಾಯೊ'. ಅದೇ ಬಣ್ಣದ ಉಣ್ಣೆಬಟ್ಟೆಗೂ ಆ ಹೆಸರೇ ಅಂಟಿ ಇಂಗ್ಲಿಷಿನಲ್ಲಿ 'ಬೇಝ್' ಆಯಿತು. ಆಮೇಲೆ ಆ ಬಟ್ಟೆಗೆ ಹಸಿರು ಬಣ್ಣ ಹಾಕುವುದು ರೂಢಿಯಾಗಿ, ಇವತ್ತು ಬೇಝ್ ಎಂದರೆ ಹಸಿರು ಬನಾತು.

"ನೋಡಿ, ಕೆಂಗಂದು ಬಣ್ಣದ ಮರಿಮಗಳು ಇಲ್ಲಿ ಹಸಿರು ಉಟ್ಟು ಮಲಗಿದ್ದಾಳೆ," ಎಂದು ತಮ್ಮ ಮೇಜಿನ ಮೇಲೆ ಹಾಸಿದ್ದ ಹಸಿರು ಬಟ್ಟೆಯನ್ನು ತಟ್ಟಿ ತೋರಿಸಿದರು.

ವಕೀಲರು ತಲೆಯಾಡಿಸಿದರು. ಹಿಂದಿನ ಬೆಂಚಿನಲ್ಲಿ ಹುಲಿಗೆಮ್ಮ ಕುಳಿತಿದ್ದಳು. ಆಕೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಸಾಹೇಬರು ಇನ್ನೂ ನಿಲ್ಲಿಸಲಿಲ್ಲ. ಹಂಪಿಯ ಅರಸರಿಗೆ ಪೋರ್ಚುಗೀಸರೂ ಅರಬರೂ ಕುದುರೆ ತಂದು ಮಾರುತ್ತಿದ್ದರಲ್ಲ, ಪೇಟೆಯಲ್ಲಿ ಒಬ್ಬ ಬಾಯೊ ಎಂದಿರಬೇಕು, ಇನ್ನೊಬ್ಬ ಕುಮೈತ್ ಎಂದಿರಬೇಕು, ನಮ್ಮವರಿಗೆ ಅರಬರ ಮಾತೇ ನಾಲಿಗೆಗೆ ಹತ್ತಿರವಾಗಿ ಕುಮ್ಮೈತು ಉಳಿಯಿತು ಎಂದು ತಮ್ಮ ಊಹೆಯನ್ನೂ ಸೇರಿಸಿದರು. ಹಾಗೆ ನೋಡಿದರೆ ಕೊಲ್ಲಿಯಿಂದ ಬಂದದ್ದು ಕುದುರೆಯಲ್ಲ, ಶಬ್ದ ಎಂದು ನಕ್ಕರು. ತಕ್ಷಣ ಬಸವರಾಜನ ವಕೀಲರು ಎದ್ದು ನಿಂತು, ಕೊಲ್ಲಿಯ ಸಂಬಂಧವನ್ನು ನ್ಯಾಯಾಲಯವೇ ಒಪ್ಪಿದೆ, ದಯವಿಟ್ಟು ದಾಖಲಿಸಬೇಕು ಎಂದರು. ನನಗೆ ಆ ನಿಘಂಟನ್ನು ಎತ್ತಿ ಕಿಟಕಿಯಿಂದ ಎಸೆಯಬೇಕೆನಿಸಿತು.

ಅವರ ವಾದ ಕೇಳಿ ಸಾಹೇಬರ ನಗು ನಿಂತಿತು. ಕುದುರೆಯನ್ನು ತಾವೇ ನೋಡುವುದಾಗಿ ಹೇಳಿದರು. ಕಾಗದಗಳನ್ನು ಓದಿ ಹೇಳಲು ನಾನೂ ಬರಬೇಕು ಎಂದರು.

ಸಂಡೂರು ರಸ್ತೆಯ ದೊಡ್ಡಿಗೆ ಪಶುವೈದ್ಯರೂ ಸೇರಿ ಎಲ್ಲರೂ ಎರಡು ಜೀಪಿನಲ್ಲಿ ಹೋದೆವು. ಅಲ್ಲಿ ಹೋಗಿ ನೋಡಿದರೆ ಕುದುರೆ ಪೂರ್ತಿ ಕೆಂಪು. ಮೈ ಕೆಂಪು, ಬಾಲ ಕೆಂಪು, ಕಾಲು ಕೆಂಪು, ರೆಪ್ಪೆ ಕೂಡ ಕೆಂಪು. ದೊಡ್ಡಿಯ ಗೋಡೆ, ಬೇವಿನ ಮರದ ಎಲೆ, ಕಟ್ಟಿದ್ದ ಎಮ್ಮೆಗಳು ಎಲ್ಲವೂ ಕೆಂಪು. ಪೇದೆ ಬರೆದ ಕೆಂಪು ಕುದುರೆ ಎಂಬ ಮಾತು ಅಲ್ಲಿ ಮಾತ್ರ ನಿಜವಾಗಿತ್ತು. ಇದರಲ್ಲಿ ಯಾವ ಕುಮ್ಮೈತು ಕಾಣುತ್ತಿದೆ ಎಂದು ವಕೀಲರು ಕೇಳಿದರು. ಸಾಹೇಬರು ನನ್ನ ಕಡೆ ನೋಡಿದರು, ನಾನೇ ಧೂಳು ಎರಚಿದವಳ ಹಾಗೆ.

"ತೊಳೀರಿ ಮೊದಲು," ಎಂದೆ. ಸಾಹೇಬರಿಗೆ ಹಾಗೆ ಎದುರಿಗೆ ನಿಂತು ಹೇಳಿದ್ದು ನನ್ನ ಉದ್ಯೋಗದಲ್ಲಿ ಅದೊಂದೇ ಸಲ.

ಹುಲಿಗೆಮ್ಮ ಯಾರ ಅಪ್ಪಣೆಗೂ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ತೊಟ್ಟಿಯಿಂದ ನೀರು ತಂದು ಸುರಿಯತೊಡಗಿದಳು. ಎರಡು ಕೊಡ ಆದಮೇಲೆ ಬಸವರಾಜನೂ ಪ್ಯಾಂಟು ಮಡಿಚಿಕೊಂಡು ಇನ್ನೊಂದು ಕೊಡ ಎತ್ತಿದ. ಹೊಟ್ಟೆಯ ಕೆಳಗೆ ಮೆಲ್ಲಗೆ ಎಂದು ಆಕೆ ಹೇಳಿದಳು, ಗೊತ್ತೈತಿ ಎಂದು ಅವನು ಮೆಲ್ಲಗೆ ಸುರಿದ. ಕುದುರೆಯ ಮೇಲೆ ಅವನಿಗೂ ಮಾಯೆ ಇತ್ತು ಎಂಬುದು ಯಾವ ದಾಖಲೆಯಲ್ಲೂ ಇರಲಿಲ್ಲ. ಕೆಂಪು ನೀರು ಹರಿದು ನಮ್ಮ ಚಪ್ಪಲಿಗಳ ತನಕ ಬಂತು. ಅದರ ಕೆಳಗಿಂದ ಮೊದಲು ಕಪ್ಪು ಕಾಲುಗಳು, ಆಮೇಲೆ ಹಣ್ಣಾದ ಖರ್ಜೂರದಂಥ ಮೈ ಹೊರಬಂತು. ಎದೆಯ ಎರಡೂ ಬದಿ, ಅಂಗೈ ಅಗಲ, ಬೆಳ್ಳಗೆ ಕೂದಲು ಕಂಡಿತು.

ಪಶುವೈದ್ಯರು ಹತ್ತಿರ ಹೋಗಿ ಮುಟ್ಟಿ ನೋಡಿದರು. ಇದು ಹುಟ್ಟಿನ ಮಚ್ಚೆಯಲ್ಲ, ಪಟ್ಟಿ ಉಜ್ಜಿ ಉಜ್ಜಿ ಗಾಯವಾದ ಕಡೆ ಕೂದಲು ಹೀಗೆ ಬೆಳ್ಳಗೆ ಹುಟ್ಟುತ್ತದೆ, ಈ ಕುದುರೆ ವರ್ಷಗಟ್ಟಲೆ ಗಾಡಿ ಎಳೆದಿದೆ ಎಂದರು. ಸಾಹೇಬರು ಬಸವರಾಜನನ್ನು, ನಿನ್ನ ಹತ್ತಿರ ಗಾಡಿ ಇತ್ತೇ ಎಂದು ಕೇಳಿದರು. ವಕೀಲರು ಬಾಯಿ ತೆರೆಯುವ ಮೊದಲೇ ಅವನು ಇಲ್ಲ ಎಂದ. ದಲ್ಲಾಳಿ ಇದು ಬರೀ ಸವಾರಿ ಕುದುರೆ ಎಂದಿದ್ದ ಎಂದೂ ಸೇರಿಸಿದ. ಅಷ್ಟು ಹೇಳಿ ಖಾಲಿ ಕೊಡವನ್ನು ತೊಟ್ಟಿಯ ಮೇಲಿಟ್ಟು ದೂರ ಹೋಗಿ ನಿಂತ.

ಕುದುರೆ ಹುಲಿಗೆಮ್ಮನ ಕೈಗೆ ಬಂತು. ಇದನ್ನೇ ಮೊದಲ ದಿನ ಮಾಡಬಹುದಿತ್ತು. ನಿಘಂಟು ಬೇಕಿರಲಿಲ್ಲ, ನೀರು ಸಾಕಿತ್ತು.

ಬಸವರಾಜ ಸುಮ್ಮನಿದ್ದರೂ ಅವನ ಮಾವ ಬಿಡಲಿಲ್ಲ, ಹೈಕೋರ್ಟಿಗೆ ಹೋದರು. ಇಡೀ ಕಡತವನ್ನು ಇಂಗ್ಲಿಷ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಈಗ ಹೇಳಿ, 'ಕೊಲ್ಲಿ ಹೆಣ್ಣು ಕುದುರೆ' ಎಂಬುದನ್ನು ಏನೆಂದು ಅನುವಾದಿಸಬೇಕು? ಅದು ತಪ್ಪು ಎಂದು ನನಗೆ ಗೊತ್ತು, ನ್ಯಾಯಾಧೀಶರಿಗೆ ಗೊತ್ತು, ಕುದುರೆಗೂ ಗೊತ್ತು. ಮತ್ತೆ 'ಬೇ' ಎಂದು ಸರಿಯಾದ ಬಣ್ಣ ಬರೆದರೆ ವಕೀಲರ ಅಷ್ಟೂ ವಾದ ಅರ್ಥವಿಲ್ಲದ್ದಾಗುತ್ತದೆ. ಕೊಲ್ಲಿಯ ಅರ್ಥಕ್ಕೆ 'ಗಲ್ಫ್' ಎಂದೇ ಬರೆದರೆ ನನ್ನ ಕೈಯಾರೆ ಸುಳ್ಳು ಬರೆದಂತಾಗುತ್ತದೆ. ನಾನು ಇದ್ದದ್ದನ್ನೇ ಬರೆದು, ಕೆಳಗೆ ಒಂದು ಟಿಪ್ಪಣಿ ಹಾಕಿದೆ. ಶಿರಸ್ತೇದಾರರು ಟಿಪ್ಪಣಿಯ ಮೇಲೆ ಅಡ್ಡಗೆರೆ ಎಳೆದರು. ಈ ಸಲ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಪಶುವೈದ್ಯರ ಮೂಲ ಇಂಗ್ಲಿಷ್ ಪತ್ರವನ್ನು ಅದೇ ಪುಟದ ಮುಂದೆಯೇ ಹೊಲಿಯದಿದ್ದರೆ ನಾನು ಸಹಿ ಮಾಡುವುದಿಲ್ಲ ಎಂದೆ. ಅವರು ನನ್ನನ್ನೂ ಗಡಿಯಾರವನ್ನೂ ನೋಡಿದರು, ಕಡೆಗೆ ದಬ್ಬಣ ತರಿಸಿದರು.

ಹೈಕೋರ್ಟು ಹುಲಿಗೆಮ್ಮನ ಪರವಾಗಿಯೇ ಹೇಳಿತು. ಆದರೆ ಆದೇಶದ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಕುದುರೆಯನ್ನು ಕೊಲ್ಲಿ ಕುದುರೆ ಎಂದೇ ಕರೆದಿತ್ತು. ಅದನ್ನು ಕನ್ನಡ ಮಾಡಿದವಳೂ ನಾನೇ. ಹಲ್ಲು ಕಚ್ಚಿಕೊಂಡು ಮಾಡಿದೆ. ಹುಲಿಗೆಮ್ಮ ಮಾತ್ರ ಆ ಆದೇಶದ ಪ್ರತಿಗೆ ಪ್ಲಾಸ್ಟಿಕ್ ಹಾಕಿಸಿಕೊಂಡಳು. ಕೊಲ್ಲಿ ದೇಶದ ಕುದುರೆ ಎಂದು ಕೋರ್ಟೇ ಬರೆದುಕೊಟ್ಟಿದೆ ಎಂದು ಸುದ್ದಿಯಾಗಿ, ಮರಿಯಮ್ಮನಹಳ್ಳಿಯಿಂದೆಲ್ಲ ಮೆರವಣಿಗೆಗೆ ಕೇಳಿಕೊಂಡು ಬರುತ್ತಿದ್ದರಂತೆ. ಇದು ಸರಿಯಲ್ಲಮ್ಮ ಎಂದೆ. "ನಾನೇನ್ ಅಂದಿಲ್ರೀ, ನೀವ ಬರ್ದೀರಿ," ಎಂದಳು.

ಆ ವೇಳೆಗೆ ಮರಿ ಹುಟ್ಟಿತ್ತು. ಮರಿ ತಾಯಿಯ ಜತೆಗೇ ಇರಲಿ, ಅದರ ಬಣ್ಣ ಗುರುತುಗಳನ್ನು ವರದಿ ಮಾಡಿ ಎಂದು ಆದೇಶದಲ್ಲಿತ್ತು. ಪೇದೆ ಹೋಗಿ ನೋಡಿ ಬರೆದು ತಂದ ವರದಿ ನನ್ನ ಮೇಜಿಗೆ ಬಂತು. ಬಣ್ಣದ ಜಾಗ ಖಾಲಿ. ಶಿರಸ್ತೇದಾರರು ರೇಗಿದರು. ಪೇದೆಯನ್ನು ಕೇಳಿದರೆ, ಆಕೆ ಬರೆಯಲು ಬಿಡಲಿಲ್ಲ ಎಂದ.

ಶನಿವಾರ ನಾನೇ ಪಾಪಿನಾಯಕನಹಳ್ಳಿಗೆ ಹೋದೆ. ಮನೆಯ ಹಿಂದೆ ಹುಣಸೆ ಮರದ ನೆರಳಿನಲ್ಲಿ ತಾಯಿ ನಿಂತಿತ್ತು, ಮೈ ಮಿಂಚುತ್ತಿತ್ತು. ಪಕ್ಕದಲ್ಲಿ ಉದ್ದ ಕಾಲಿನ ಮರಿ, ಕೆಂಪೂ ಅಲ್ಲ, ಬೂದಿಯೂ ಅಲ್ಲ, ಒಣಗಿದ ಹುಲ್ಲಿನ ಹಾಗೆ. ಕಾಲುಗಳು ಮಾಸಲು. ಕಣ್ಣಿನ ಸುತ್ತ ಮಾತ್ರ ಕೂದಲು ಉದುರಿ ಕಪ್ಪಗೆ ಏನೋ ಇಣುಕುತ್ತಿತ್ತು. ನಾನು ಕನ್ನಡಕ ತೆಗೆದೂ ನೋಡಿದೆ, ಹಾಕಿಯೂ ನೋಡಿದೆ. ನನ್ನಲ್ಲಿದ್ದ ಯಾವ ಶಬ್ದವೂ ಅದಕ್ಕೆ ಹೊಂದಲಿಲ್ಲ.

"ಇದು ಹುಟ್ಟಿದ ಕೂದ್ಲಾ ರೀ ಯಕ್ಕಾ," ಎಂದಳು ಹುಲಿಗೆಮ್ಮ. "ಇದರ ಬಣ್ಣ ಇನ್ನಾ ಬಂದಿಲ್ಲ. ಈಗ ಬರೀಬ್ಯಾಡ್ರಿ. ದೀಪಾವಳಿ ಆದಮ್ಯಾಲೆ ಬಂದು ನೋಡ್ರಿ."

ಸೋಮವಾರ ಕಚೇರಿಗೆ ಹೋಗಿ, ಪೇದೆಯ ಕೈಯಲ್ಲೇ ಆ ಖಾಲಿ ಜಾಗದಲ್ಲಿ ಆಕೆಯ ಹೇಳಿಕೆಯನ್ನು ಅವಳ ಮಾತಿನಲ್ಲೇ ಬರೆಸಿ, ಇಂಗ್ಲಿಷಿಗೆ ತಿರುಗಿಸಿದೆ: ಮರಿಯ ಬಣ್ಣ ಇನ್ನೂ ಬಂದಿಲ್ಲ, ಈಗ ಬರೆಯಬಾರದು, ದೀಪಾವಳಿಯ ನಂತರ ಬಂದು ನೋಡಬೇಕು. ಶಿರಸ್ತೇದಾರರು ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟು, ಬೆರಳಿಟ್ಟು, ಒಂದೊಂದೇ ಶಬ್ದ ಹೋಲಿಸಿ ನೋಡಿದರು. ಎಲ್ಲೂ ಹೆಚ್ಚಿಲ್ಲ, ಎಲ್ಲೂ ಕಡಿಮೆಯಿಲ್ಲ. ಸಹಿ ಹಾಕಿದರು. ಬೆಂಗಳೂರಿನಿಂದ ಯಾವ ಪ್ರಶ್ನೆಯೂ ಬರಲಿಲ್ಲ. ನಾನು ಕಳಿಸಿದ ಅನುವಾದಗಳಲ್ಲಿ ಅದೇ ಕೊನೆಯದು. ದೀಪಾವಳಿ ಬರುವ ಮೊದಲೇ ನನ್ನ ನಿವೃತ್ತಿಯಾಯಿತು.